ಬೈಲಿನಲ್ಲಿ ಸೈಕಲ್ಲಿಗೆ ಎಷ್ಟು ಜಾಗ?

ಹುಬ್ಬಳ್ಳಿಯ ದುರ್ಗದ ಬೈಲಿಗೆ ಸಂಜೆ ಏಳರ ಸುಮಾರಿಗೆ ಸೈಕಲ್ ತರುವವರು ಏನು ಮಾಡುತ್ತಾರೆ ಎಂದು ನಿಂತು ನೋಡಿದವರಿಗೆ ಈ ಲೇಖನದ ಅರ್ಧ ವಾದ ಅಲ್ಲೇ ಸಿಕ್ಕುತ್ತದೆ. ಗಿರಮಿಟ್, ಮಿರ್ಚಿ ಗಾಡಿಗಳ ಸಾಲು ಹತ್ತಿರವಾಗುತ್ತಿದ್ದಂತೆ ಸವಾರನ ಎಡಗಾಲು ಪೆಡಲ್ ಬಿಟ್ಟು ನೆಲ ಸವರತೊಡಗುತ್ತದೆ. ಇನ್ನೂ ನಾಲ್ಕು ಮಾರು ಮುಂದೆ ಅವನು ಇಳಿದೇ ಬಿಡುತ್ತಾನೆ. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಕ್ಯಾರಿಯರ್ ಮೇಲಿನ ಗಂಟು ಯಾರ ಮೈಗೂ ತಾಗದಂತೆ ಇನ್ನೊಂದು ಕೈಯನ್ನು ಹಿಂದೆ ಚಾಚಿ, ನಡೆಯುವವರ ಜೊತೆ ನಡೆಯುತ್ತಾನೆ. ಇಳಿಯಿರಿ ಎಂಬ ಬೋರ್ಡು ಅದಕ್ಕೆ ಬೇಕಾಗಿಲ್ಲ. ಅದೇ ಹೊತ್ತಿಗೆ ಅದೇ ಸಂದಿಗೆ ನುಗ್ಗಿದ ಸ್ಕೂಟರಿನವನು ಇಳಿಯುವುದಿಲ್ಲ. ಹಾರ್ನ್ ಒತ್ತುತ್ತ, ಎರಡೂ ಕಾಲು ಊರುತ್ತ, ಜನರ ಹಿಮ್ಮಡಿಗೆ ಮುಂಗಾಲಿ ತಾಗಿಸುತ್ತ ಮುಂದೆ ಸರಿಯುತ್ತಾನೆ. ಸೈಕಲ್ಲಿನವನು ಸಭ್ಯ, ಸ್ಕೂಟರಿನವನು ಒರಟ ಎಂದೇನೂ ಇಲ್ಲ. ಸೈಕಲ್ ನಿಧಾನವಾದಷ್ಟೂ ಓಲಾಡುತ್ತದೆ, ತುಳಿಯುವುದಕ್ಕಿಂತ ತಳ್ಳುವುದೇ ಹಗುರ ಎನಿಸುತ್ತದೆ. ನೂರು ಕಿಲೋ ಮೀರಿದ ಸ್ಕೂಟರನ್ನು ತಳ್ಳುವುದು ತ್ರಾಸು, ಎಕ್ಸಲರೇಟರನ್ನು ಬೆರಳಿನಷ್ಟು ತಿರುವುವುದು ಸಲೀಸು. ಜನಸಂದಣಿ ತನ್ನಷ್ಟಕ್ಕೆ ಪಳಗಿಸುವ ವಾಹನ ಯಾವುದು, ಪಳಗಿಸಲಾಗದ ವಾಹನ ಯಾವುದು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಬೈಲಿನ ಸುತ್ತಲಿನ ಪ್ಯಾಟಿ ಕಾರಿಗಾಗಿ ಹುಟ್ಟಿದ್ದಲ್ಲ. ಸವಣೂರು ನವಾಬರ ಕಾಲದಲ್ಲಿ, ಹದಿನೆಂಟನೆಯ ಶತಮಾನದಲ್ಲಿ, ಬಸಪ್ಪ ಶೆಟ್ಟರು ಈ ಕೋಟೆ ಮೈದಾನದ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿದರು. ಎತ್ತಿನ ಗಾಡಿ, ಹಮಾಲರ ಹೆಗಲು, ಹೆಂಗಸರ ಬುಟ್ಟಿ ಇಷ್ಟನ್ನು ಎಣಿಸಿ ಬೆಳೆದ ಓಣಿಗಳು ಜವಳಿ ಸಾಲು, ದಾಜಿಬಾನ ಪೇಟೆ, ಮರಾಠಾ ಗಲ್ಲಿ, ಬ್ರಾಡ್‌ವೇಗಳಲ್ಲಿ ಇಂದಿಗೂ ಹಾಗೇ ಇವೆ. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ ಒಂಬತ್ತು ಲಕ್ಷ ನಲವತ್ತು ಸಾವಿರ ದಾಟಿತ್ತು. ಅವರಲ್ಲಿ ಮದುವೆಯ ಜವಳಿ ತೆಗೆಯುವವರೆಲ್ಲ ಒಮ್ಮೆಯಾದರೂ ಈ ಓಣಿಗಳಿಗೆ ಬರಲೇಬೇಕು. ಗಣೇಶ ಹಬ್ಬದಲ್ಲಿ ಗಣಪತಿ ನೋಡಲು ಜನ ಕಿಕ್ಕಿರಿದಾಗ ವಾಹನಗಳನ್ನು ಹೊರಗೆ ತಡೆಯುವುದು ಊರಿಗೆ ಹೊಸತಲ್ಲ. ಹಬ್ಬಕ್ಕೆ ಸಾಧ್ಯವಾದದ್ದು ವಾರದ ದಿನಗಳಿಗೆ ಯಾಕೆ ಆಗಬಾರದು ಎಂಬ ಪ್ರಶ್ನೆ ಸಹಜ. ಅದನ್ನು ಕೇಳಿದೊಡನೆ ಬೆನ್ನಿಗೇ ಇನ್ನೊಂದು ಬರುತ್ತದೆ: ಕಾರು, ಸ್ಕೂಟರ್ ಹೋದ ಮೇಲೆ ಸೈಕಲ್ಲನ್ನು ಏನು ಮಾಡುವುದು? ಬಿಟ್ಟರೆ ಮುದುಕರು, ಮಕ್ಕಳು ಬೆದರುತ್ತಾರೆ. ತಡೆದರೆ ನಗರಕ್ಕೆ ಸ್ವಲ್ಪವೂ ಹೊಗೆ ಕೊಡದ ವಾಹನಕ್ಕೇ ಬಾಗಿಲು ಹಾಕಿದಂತಾಗುತ್ತದೆ.

ಈ ತಕರಾರು ನಮಗಿಂತ ಮೊದಲೇ ಬೇರೆ ಊರುಗಳನ್ನು ಕಾಡಿದೆ. ಕೋಪನ್‌ಹೇಗನ್ ತನ್ನ ಸ್ಟ್ರೋಯೆಟ್ ಬೀದಿಯಿಂದ 1962ರಲ್ಲಿ ಕಾರುಗಳನ್ನು ಹೊರಹಾಕಿತು. ಸೈಕಲ್ಲಿನ ರಾಜಧಾನಿ ಎನಿಸಿಕೊಂಡ ಆ ಊರಿನಲ್ಲೂ ಆ ಬೀದಿಯಲ್ಲಿ ಸೈಕಲ್ ತುಳಿಯುವಂತಿಲ್ಲ. ಆದರೆ ಪಕ್ಕದ ಬೀದಿಗಳಲ್ಲಿ ಒಳ್ಳೆಯ ಸೈಕಲ್ ದಾರಿಗಳಿವೆ. ಜರ್ಮನಿಯ ಅನೇಕ ಪಟ್ಟಣಗಳು ಪಾದಚಾರಿ ವಲಯದ ಫಲಕದ ಕೆಳಗೇ ಸೈಕಲ್ಲಿಗೆ ಅವಕಾಶವಿದೆ ಎಂಬ ಪುಟ್ಟ ಪಟ್ಟಿ ತೂಗುಹಾಕುತ್ತವೆ, ಷರತ್ತು ಒಂದೇ: ನಡಿಗೆಯ ವೇಗ. ಬ್ರಿಟನ್ನಿನ ಸಾರಿಗೆ ಸಂಶೋಧನಾ ಪ್ರಯೋಗಾಲಯ ಪಾದಚಾರಿ ಬೀದಿಗಳಲ್ಲಿ ಸೈಕಲ್ಲುಗಳ ನಡವಳಿಕೆಯನ್ನು ಚಿತ್ರೀಕರಿಸಿ, ಅಧ್ಯಯನ ಮಾಡಿ 1993ರಲ್ಲಿ ಕೊಟ್ಟ ವರದಿ ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಜನ ಹೆಚ್ಚಿದಂತೆ ಸವಾರರು ತಾವೇ ವೇಗ ತಗ್ಗಿಸುತ್ತಾರೆ, ತೀರಾ ದಟ್ಟವಾದರೆ ಇಳಿಯುತ್ತಾರೆ, ಡಿಕ್ಕಿಗಳು ಅತಿ ವಿರಳ, ಸೈಕಲ್ಲನ್ನು ಪೂರ್ತಿ ಹೊರಗಿಡಲು ತಕ್ಕ ಕಾರಣ ಕಾಣುವುದಿಲ್ಲ ಎಂಬುದು ಅದರ ತಾತ್ಪರ್ಯ. ದುರ್ಗದ ಬೈಲಿನ ಸೈಕಲ್ಲಿನವನು ಆ ವರದಿಯನ್ನು ಓದಿರಲಿಕ್ಕಿಲ್ಲ.

ಹಾಗೆಂದ ಮಾತ್ರಕ್ಕೆ ಎಲ್ಲವನ್ನೂ ಸವಾರರ ವಿವೇಕಕ್ಕೆ ಬಿಟ್ಟುಬಿಡಿ ಎನ್ನುವುದು ನನ್ನ ವಾದವಲ್ಲ. ನಾನು ಹೇಳಹೊರಟದ್ದು ಇಷ್ಟು: ನಡೆಯುವವರಿಗೂ ಸೈಕಲ್ಲಿನವರಿಗೂ ನಡುವೆ ಗೆರೆ ಎಳೆಯುವುದೇ ಆದರೆ ಅದನ್ನು ನೆಲದ ಮೇಲೆ ಬಣ್ಣದಿಂದ ಎಳೆಯುವ ಬದಲು ಗಡಿಯಾರದ ಮೇಲೆ ಎಳೆಯಬೇಕು. ಇದಕ್ಕೆ ಅಳತೆಗೋಲು ಸಿದ್ಧವಾಗಿದೆ. ನೆದರ್ಲೆಂಡ್ಸಿನ ರಸ್ತೆ ವಿನ್ಯಾಸ ಸಂಸ್ಥೆ ‘ಕ್ರೋ’ ಬೀದಿಯ ಪ್ರತಿ ಮೀಟರ್ ಅಗಲಕ್ಕೆ ಗಂಟೆಗೆ ಎಷ್ಟು ಜನ ನಡೆಯುತ್ತಾರೆ ಎಂದು ಎಣಿಸುತ್ತದೆ. ನೂರರೊಳಗಿದ್ದರೆ ಇಬ್ಬರೂ ಬೆರೆತೇ ಸಾಗಬಹುದು. ನೂರರಿಂದ ಇನ್ನೂರರ ನಡುವೆ ಸೈಕಲ್ಲಿಗೆ ಬೇರೆ ಪಟ್ಟಿ ಗುರುತಿಸಬೇಕು. ಇನ್ನೂರು ಮೀರಿದರೆ ಎರಡನ್ನೂ ಕೂಡಿಸುವ ಆಸೆ ಬಿಡಬೇಕು. ಈಗ ನಮ್ಮ ಒಂದು ಓಣಿಗೆ ಬನ್ನಿ. ಅಂಗಡಿಯ ಕಟ್ಟೆ, ಮುಂದಕ್ಕೆ ಚಾಚಿದ ತಗಡು, ನೆಲದ ಮೇಲೆ ಚೀಲ ಹಾಸಿ ಕುಳಿತ ತರಕಾರಿಯವರು, ಇಷ್ಟು ಕಳೆದು ನಡೆಯಲು ಉಳಿಯುವುದು ಆರು ಮೀಟರ್ ಎಂದಿಟ್ಟುಕೊಳ್ಳೋಣ. ಆಗ ಮೇಲಿನ ಮಿತಿಗಳು ನಿಮಿಷಕ್ಕೆ ಹತ್ತು ಜನ ಮತ್ತು ಇಪ್ಪತ್ತು ಜನ ಎಂದಾಗುತ್ತವೆ. ಅಂಗಡಿಯ ಮೆಟ್ಟಿಲ ಮೇಲೆ ಕೈಗಡಿಯಾರ ಹಿಡಿದು ನಿಂತ ಯಾರು ಬೇಕಾದರೂ ಇದನ್ನು ಎಣಿಸಬಹುದು, ಅದಕ್ಕೆ ಕನ್ಸಲ್ಟಂಟ್ ಬೇಡ. ಬೆಳಿಗ್ಗೆ ಅಂಗಡಿಗಳ ಶಟರ್ ಏಳುವ ಮೊದಲು ಈ ಓಣಿ ನಿಮಿಷಕ್ಕೆ ಹತ್ತು ಜನರನ್ನು ಕಾಣುವುದು ಅಪರೂಪ. ಸಂಜೆಯ ಹೊತ್ತು ಇಪ್ಪತ್ತು ಎಂಬುದು ಅರ್ಧ ನಿಮಿಷದ ಲೆಕ್ಕವೂ ಅಲ್ಲ. ಬೆಳಿಗ್ಗೆ ತುಳಿಯಿರಿ, ಸಂಜೆ ತಳ್ಳಿರಿ ಎಂಬ ನಿಯಮ ಜನ ಈಗಾಗಲೇ ಮಾಡುತ್ತಿರುವುದನ್ನೇ ಕಾಗದಕ್ಕೆ ಇಳಿಸಿದಂತೆ. ಜನರ ರೂಢಿಯ ಜೊತೆ ಹೊಂದುವ ನಿಯಮಕ್ಕೆ ಪೊಲೀಸರು ಕಡಿಮೆ ಸಾಕು.

ಓಣಿಯ ಮಧ್ಯೆ ಹಸಿರೋ ಕೆಂಪೋ ಬಣ್ಣ ಬಳಿದು ಸೈಕಲ್ ಪಟ್ಟಿ ಮಾಡಿದರೆ ಆಗುವುದೇನು? ಆ ಪಟ್ಟಿ ತನ್ನದು ಎಂಬ ಭಾವನೆ ಸವಾರನಿಗೆ ಬರುತ್ತದೆ, ವೇಗ ಏರುತ್ತದೆ. ಸೀರೆ ಅಂಗಡಿಯಿಂದ ಎದುರಿನ ಬಳೆ ಅಂಗಡಿಗೆ ದಾಟುವವರಿಗೆ ಆ ಪಟ್ಟಿಯ ಪರಿವೆ ಇರುವುದಿಲ್ಲ. ಪ್ಯಾಟಿಯಲ್ಲಿ ಜನ ನೇರವಾಗಿ ನಡೆಯುವುದಿಲ್ಲ, ಅಡ್ಡಡ್ಡ ನಡೆಯುತ್ತಾರೆ. ಡಿಕ್ಕಿಯ ಲೆಕ್ಕ ಹಾಕಿ. ಗಂಟೆಗೆ 10 ಕಿಲೋಮೀಟರ್ ವೇಗದ ಸೈಕಲ್ ಎದುರಿಗೆ ಮಗು ಬಂದರೆ, ಸವಾರನ ಗಮನಕ್ಕೆ ಬಂದು ಬ್ರೇಕ್ ಹಿಡಿದು ನಿಲ್ಲಲು ಸುಮಾರು ನಾಲ್ಕು ಮೀಟರ್ ಬೇಕು. 20 ಕಿಲೋಮೀಟರ್ ಆದರೆ ಹತ್ತು ಮೀಟರ್. ನಾಲ್ಕು ಮೀಟರ್ ಎಂದರೆ ಒಂದು ಅಂಗಡಿಯ ಅಗಲ. ಹತ್ತು ಮೀಟರ್‌ನಲ್ಲಿ ಮೂರು ಅಂಗಡಿಗಳ ಗಿರಾಕಿಗಳು ರಸ್ತೆಗಿಳಿದಿರುತ್ತಾರೆ. ಹೀಗಾಗಿ ಒಳಗಿನ ಓಣಿಗಳಲ್ಲಿ ಪಟ್ಟಿ ಬೇಡ, ನೆಲಹಾಸೇ ವೇಗವನ್ನು ಹಿಡಿಯಲಿ. ನುಣುಪಾದ ಡಾಂಬರು ಚಕ್ರಕ್ಕೆ ಓಟ ಕೊಡುತ್ತದೆ, ಸಣ್ಣ ಕಡಿದ ಕಲ್ಲಿನ ಹಾಸು ಸವಾರನ ಮೊಣಕೈಗೆ ನಿಧಾನ ಎಂದು ಹೇಳುತ್ತದೆ. ಆದರೆ ಆ ಕಲ್ಲಿನ ಹಾಸು ಗಾಲಿಕುರ್ಚಿಗೂ ಕಷ್ಟ ಎಂಬುದು ನಿಜ, ಅದಕ್ಕಾಗಿ ಅಂಗಡಿಗಳ ಉದ್ದಕ್ಕೂ ಎರಡು ಮೀಟರಿನಷ್ಟು ಸಪಾಟು ಹಾಸು ಇರಬೇಕು.

ಆ ಸಪಾಟು ಹಾಸಿನ ವಿಷಯದಲ್ಲಿ ಬರುವ ಆಕ್ಷೇಪವೇ ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ತೂಕದ್ದಾಗಿ ಕಾಣುತ್ತದೆ. ಕಣ್ಣು ಕಾಣದವರಿಗೆ ಸೈಕಲ್ ಸದ್ದಿಲ್ಲದೆ ಬರುವ ವಸ್ತು. ಸ್ಕೂಟರ್ ಬಂದದ್ದು ಕೇಳುತ್ತದೆ, ಸೈಕಲ್ ಬಂದದ್ದು ತಾಗಿದ ಮೇಲೆ ತಿಳಿಯುತ್ತದೆ. ಅಂಕಿಅಂಶದಲ್ಲಿ ಅಪಘಾತ ಕಡಿಮೆ ಎಂದು ಇವರಿಗೆ ಹೇಳುವುದು ಉತ್ತರವಾಗುವುದಿಲ್ಲ, ಯಾಕೆಂದರೆ ಹೆದರಿ ಮನೆಯಲ್ಲೇ ಉಳಿದವರು ಅಪಘಾತದ ಅಂಕಿಯಲ್ಲಿ ಬರುವುದೇ ಇಲ್ಲ. ಬ್ರಿಟನ್ನಿನಲ್ಲಿ ಫುಟ್‌ಪಾತ್ ಅಂಚನ್ನೇ ತೆಗೆದು ಎಲ್ಲರನ್ನೂ ಒಂದೇ ಮಟ್ಟದ ನೆಲದಲ್ಲಿ ಬೆರೆಸುವ ವಿನ್ಯಾಸ ಕೆಲಕಾಲ ಬಹಳ ಜನಪ್ರಿಯವಾಗಿತ್ತು. ದೃಷ್ಟಿದೋಷವುಳ್ಳವರ ಸಂಘಟನೆಗಳು ಸತತವಾಗಿ ವಿರೋಧಿಸಿದ ಮೇಲೆ, ಅಂಥ ಹೊಸ ಯೋಜನೆಗಳನ್ನು ತಡೆಹಿಡಿಯಿರಿ ಎಂದು ಅಲ್ಲಿನ ಸರ್ಕಾರ 2018ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಹೇಳಬೇಕಾಯಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ರಸ್ತೆಗಳು ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಹಾಗಾಗಿ ಎಷ್ಟೇ ಹೊತ್ತಾಗಿರಲಿ, ಎಷ್ಟೇ ಖಾಲಿಯಿರಲಿ, ಅಂಗಡಿ ಪಕ್ಕದ ಆ ಎರಡು ಮೀಟರ್ ಸೈಕಲ್ ಚಕ್ರಕ್ಕೆ ನಿಷಿದ್ಧ. ಅದರ ಅಂಚು ಕೋಲಿಗೆ ಸಿಕ್ಕುವಂತೆ ಎತ್ತರವಾಗಿರಬೇಕು. ಬೆಳಿಗ್ಗೆ ತುಳಿಯುವ ಅವಕಾಶ ನಡುವಿನ ಭಾಗಕ್ಕೆ ಮಾತ್ರ. ಅಂಗಡಿಯವರು ಗೊಂಬೆ, ಡಬ್ಬಿ, ಜಾಹೀರಾತು ಫಲಕಗಳನ್ನು ಆ ಪಟ್ಟಿಯಲ್ಲಿ ಇಟ್ಟರೆ ಸೈಕಲ್ಲಿನವನನ್ನು ಬೈದು ಪ್ರಯೋಜನವಿಲ್ಲ.

ನಿಜವಾದ ಅಪಾಯ ಬರುವುದು ಬೇರೆ ಕಡೆಯಿಂದ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ 32,825 ಜನ ಪಾದಚಾರಿಗಳು. ಬ್ರಿಟನ್ನಿನಲ್ಲಿ ಸೈಕಲ್ ತಾಗಿ ಸಾಯುವ ಪಾದಚಾರಿಗಳು ವರ್ಷಕ್ಕೆ ಇಬ್ಬರು ಮೂವರು, ಒಟ್ಟು ಪಾದಚಾರಿ ಸಾವು ನಾನೂರರ ಆಸುಪಾಸು. ಭೌತಶಾಸ್ತ್ರವೂ ಅದನ್ನೇ ಹೇಳುತ್ತದೆ. 65 ಕೆ.ಜಿ. ತೂಕದ ಒಬ್ಬನೇ ಮನುಷ್ಯ 20 ಕೆ.ಜಿ. ಸೈಕಲ್ಲಿನ ಮೇಲೆ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಬಂದಾಗ ಇರುವ ಹೊಡೆತದ ಶಕ್ತಿಗಿಂತ, ಅವನೇ 110 ಕೆ.ಜಿ. ಸ್ಕೂಟರಿನ ಮೇಲೆ 30 ಕಿಲೋಮೀಟರ್ ವೇಗದಲ್ಲಿ ಬಂದಾಗಿನ ಶಕ್ತಿ ಹದಿನೆಂಟು ಪಟ್ಟು ಮೀರುತ್ತದೆ. ಕಾರುರಹಿತ ಎಂದು ಬೋರ್ಡು ಹಾಕಿದ ಬೀದಿಯಲ್ಲಿ ಸ್ಕೂಟರ್ ನುಸುಳುತ್ತಿದ್ದರೆ ಜನ ಸದಾ ಬಿಗಿಯಾಗಿಯೇ ನಡೆಯುತ್ತಾರೆ, ಆ ಬಿಗಿಯೆಲ್ಲ ಪಕ್ಕದಲ್ಲಿ ಹಾದ ಸೈಕಲ್ಲಿನ ಮೇಲೆ ಸಿಡಿಯುತ್ತದೆ. ದಿಲ್ಲಿಯ ಚಾಂದನಿ ಚೌಕ್ ಇದಕ್ಕೆ ಉದಾಹರಣೆ. 2021ರ ಸೆಪ್ಟೆಂಬರಿನಲ್ಲಿ ಹೊಸ ರೂಪದಲ್ಲಿ ತೆರೆದ ಆ ಬೀದಿಯಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ನಿಷಿದ್ಧ, ಸೈಕಲ್ ರಿಕ್ಷಾಗಳಿಗೆ ಅವಕಾಶವಿದೆ, ಒಳಹೊಕ್ಕ ಮೋಟಾರು ವಾಹನಕ್ಕೆ 20,000 ರೂಪಾಯಿವರೆಗೆ ದಂಡ. ಆದರೂ ಕಾವಲು ಸಡಿಲವಾದಾಗಲೆಲ್ಲ ದ್ವಿಚಕ್ರ ವಾಹನಗಳು ಮರಳಿ ನುಗ್ಗಿದ ದೂರುಗಳು ಬರುತ್ತಲೇ ಇವೆ.

ಕಂಬ ನೆಟ್ಟರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಗಾಲಿಕುರ್ಚಿ ಹಾಯಲು ಕಂಬಗಳ ನಡುವೆ ಕಡಿಮೆಯೆಂದರೂ 90 ಸೆಂಟಿಮೀಟರ್ ಬಿಡಬೇಕು. ನಮ್ಮ ಸಾಮಾನ್ಯ ಸ್ಕೂಟರಿನ ಅಗಲ 70 ಸೆಂಟಿಮೀಟರಿನ ಹತ್ತಿರ. ಕಾರನ್ನು ಕಬ್ಬಿಣ ತಡೆಯುತ್ತದೆ, ಸ್ಕೂಟರನ್ನು ಮನುಷ್ಯನೇ ತಡೆಯಬೇಕು. ಅದರ ಮೇಲೆ ಈಗ ಚಾರ್ಜಿಂಗ್ ಸ್ಕೂಟರುಗಳ ಗೊಂದಲ ಬೇರೆ. ಮೋಟಾರು 250 ವ್ಯಾಟ್ ಒಳಗಿದ್ದು ಗಂಟೆಗೆ 25 ಕಿಲೋಮೀಟರ್ ಮೀರದ ವಿದ್ಯುತ್ ದ್ವಿಚಕ್ರಗಳಿಗೆ ನಿಗದಿತ ಷರತ್ತುಗಳಡಿ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಕಾಗದದ ಮೇಲೆ ಅವು ಸೈಕಲ್ಲಿನ ನೆಂಟರು. ಓಣಿಯಲ್ಲಿ ಅವುಗಳಿಗೆ ಸ್ಕೂಟರಿನ ಮೈ, ಸೈಕಲ್ಲಿನ ಮೌನ. ತುಳಿಯದೆ ಓಡುವುದೆಲ್ಲ ಹೊರಗೆ ಎಂಬ ಗೆರೆ ಎಳೆಯುವುದೇ ಒಳ್ಳೆಯದು. ಊಟ ತಲುಪಿಸುವ ಹುಡುಗರಿಗೆ ಇದರಿಂದ ತೊಂದರೆಯಾಗುತ್ತದೆ ಎಂಬುದು ಸರಿ. ಅವರಿಗೆ ಓಣಿಯ ಬಾಯಲ್ಲೇ ಗಾಡಿ ನಿಲ್ಲಿಸಲು ಜಾಗ ಕೊಟ್ಟರೆ ಒಳಗೆ ನಡೆಯಬೇಕಾದ ದೂರ ಎರಡು ಮೂರು ನಿಮಿಷದ್ದು.

ಹಾಗಿದ್ದರೆ ಸೈಕಲ್ಲಿಗೂ ದಿನವಿಡೀ ತಳ್ಳುವ ನಿಯಮವೇ ಇರಲಿ, ಎಲ್ಲರಿಗೂ ಒಂದೇ ಕಟ್ಟಳೆ, ಗೊಂದಲವಿಲ್ಲ ಎಂಬ ವಾದವನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಹೇಗಿದ್ದರೂ ಸೈಕಲ್ ತುಳಿಯುವವರು ಈಗ ಎಷ್ಟು ಮಂದಿ ಎಂದೂ ಅವರು ಕೇಳುತ್ತಾರೆ. ಉಳಿದಿರುವವರು ಯಾರು ಎಂದು ನೋಡಬೇಕು. ಪೇಪರ್ ಹಾಕುವ ಹುಡುಗ, ಹಾಲಿನವನು, ಕ್ಯಾನಿನಲ್ಲಿ ಚಹಾ ತುಂಬಿ ಅಂಗಡಿ ಅಂಗಡಿಗೆ ಕೊಡುವವನು, ಬೆಳಿಗ್ಗೆ ಅಂಗಡಿ ಕಸ ಗುಡಿಸಲು ಹಳೇ ಹುಬ್ಬಳ್ಳಿಯಿಂದ ಬರುವ ಕೆಲಸದವನು. ಇವರ ಕೆಲಸದ ಬಹುಪಾಲು ಮುಗಿಯುವುದು ಜನ ಸೇರುವ ಮೊದಲೇ. ಖಾಲಿ ಓಣಿಯಲ್ಲಿ ಸೈಕಲ್ ತಳ್ಳು ಎನ್ನುವ ನಿಯಮವನ್ನು ಇವರು ಮೊದಲ ದಿನವೇ ಮುರಿಯುತ್ತಾರೆ, ಮುರಿಯುವುದು ರೂಢಿಯಾದ ಮೇಲೆ ಸಂಜೆಯ ನಿಯಮಕ್ಕೂ ಬೆಲೆ ಉಳಿಯುವುದಿಲ್ಲ. ಇನ್ನು ಕೆಲವು ವಯಸ್ಸಾದವರಿಗೆ ನಡೆಯಲು ಮೊಣಕಾಲು ಬಿಡುವುದಿಲ್ಲ, ತುಳಿಯಲು ಬಿಡುತ್ತದೆ. ಸಂಖ್ಯೆ ಕಡಿಮೆ ಎಂಬುದನ್ನೇ ನೆಪ ಮಾಡಿ ಈ ಮಂದಿಯನ್ನು ಲ್ಯಾಮಿಂಗ್ಟನ್ ರಸ್ತೆಯ ಬಸ್ಸು, ಲಾರಿಗಳ ನಡುವೆ ಸುತ್ತಿಬರಲು ಕಳಿಸುವುದು ಒಬ್ಬರ ಅಂಜಿಕೆ ಕಳೆಯಲು ಇನ್ನೊಬ್ಬರ ಜೀವ ಒಡ್ಡಿದಂತೆ.

ಸುತ್ತುದಾರಿಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ಪ್ಯಾಟಿಯೊಳಗೆ ಕೆಲಸವೇ ಇಲ್ಲದೆ ಆಚೆ ಬದಿಗೆ ಹೋಗುವ ಸವಾರನೇ ಸಂದಣಿಯಲ್ಲಿ ಅವಸರ ಮಾಡುವವನು. ಅವನಿಗೆ ಹೊರಗೆ ಒಳ್ಳೆಯ ದಾರಿ ಕೊಟ್ಟರೆ ಒಳಗಿನ ಜಗಳ ಅರ್ಧ ಇಳಿಯುತ್ತದೆ. ಕೋಪನ್‌ಹೇಗನ್ ಮಾಡಿದ್ದು ಅದನ್ನೇ. ಬೆಲ್ಜಿಯಮ್ಮಿನ ಘೆಂಟ್ 2017ರ ಏಪ್ರಿಲಿನಲ್ಲಿ ನಗರದ ಹೃದಯವನ್ನು ಹಲವು ತುಂಡುಗಳಾಗಿ ವಿಂಗಡಿಸಿ, ಒಂದರಿಂದ ಇನ್ನೊಂದಕ್ಕೆ ಹೋಗುವ ಕಾರುಗಳನ್ನು ಹೊರ ವರ್ತುಲಕ್ಕೆ ಕಳಿಸಿತು, ಸೈಕಲ್ಲಿಗೆ ಮಾತ್ರ ನೇರ ದಾರಿ ಬಿಟ್ಟಿತು. ಹುಬ್ಬಳ್ಳಿಯಲ್ಲಿ ಇದಕ್ಕೆ ಹತ್ತಿರವಾದದ್ದು ಉಣಕಲ್ ನಾಲೆಯ ದಂಡೆಯ ಹಸಿರು ಸಂಚಾರ ಪಥ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ, ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ, ಐರೋಪ್ಯ ಒಕ್ಕೂಟ ಸೇರಿ ನಡೆಸಿದ ‘ಸಿಟೀಸ್’ ಕಾರ್ಯಕ್ರಮಕ್ಕೆ ದೇಶದ ಸ್ಮಾರ್ಟ್ ಸಿಟಿಗಳಿಂದ ಆಯ್ದ ಹನ್ನೆರಡು ಯೋಜನೆಗಳಲ್ಲಿ ಇದೂ ಒಂದು. ಉದ್ದ ಸುಮಾರು 9 ಕಿಲೋಮೀಟರ್ ಎಂಬುದು ಯೋಜನೆ. ಕೆರೆಯಿಂದ ಊರೊಳಗೆ ಹಾದು ದಕ್ಷಿಣಕ್ಕೆ ಹರಿಯುವ ಗಟಾರದಂಥ ನಾಲೆಯ ದಂಡೆ ಮೋಟಾರಿಲ್ಲದ ದಾರಿಯಾಗಬಹುದು ಎಂಬ ಕಲ್ಪನೆಯೇ ಒಳ್ಳೆಯದು. ಆದರೆ ಇಂಥ ದಂಡೆಗೆ ಪ್ಯಾಟಿಯ ಸೂತ್ರ ಒಪ್ಪುವುದಿಲ್ಲ. ಇಲ್ಲಿ ಅಡ್ಡ ದಾಟುವವರಿಲ್ಲ, ದಾರಿ ನೇರ, ಚಕ್ರ ಓಡುತ್ತದೆ. ಬೆಳಗಿನ ವಾಕಿಂಗಿಗೆ ನಾಲ್ವರು ಸಾಲಾಗಿ ಮಾತಾಡುತ್ತ ಬರುತ್ತಾರೆ. ಇಲ್ಲಿ ಎರಡು ಬೇರೆ ದಾರಿಗಳೇ ಬೇಕು, ಎರಡರ ನಡುವೆ ಗಿಡಗಳ ಸಾಲಾದರೂ ಇರಬೇಕು. ನಡೆಯುವವರ ಹಾಸು ಸೈಕಲ್ ಹಾಸಿಗಿಂತ ನುಣುಪಾಗಿರಬೇಕು. ಹಾಗಿಲ್ಲದಿದ್ದರೆ ಹೆಂಚಿನ ಕಲ್ಲು ಎದ್ದ ಫುಟ್‌ಪಾತ್ ಬಿಟ್ಟು ಎಲ್ಲರೂ ಸೈಕಲ್ ದಾರಿಗೇ ಬರುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ವ್ಯಾಪಾರಿಗಳ ಆಕ್ಷೇಪ ಪರಿಚಿತವಾದದ್ದು: ಗಾಡಿ ಅಂಗಡಿ ಮುಂದೆ ನಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿನಿಂದ ಕೆಲ ತಿಂಗಳು ವಾರಾಂತ್ಯಗಳಲ್ಲಿ ವಾಹನಮುಕ್ತ ಮಾಡಿದಾಗಲೂ, ಪುಣೆಯ ಲಕ್ಷ್ಮೀ ರಸ್ತೆಯಲ್ಲಿ 2021ರಿಂದ ಡಿಸೆಂಬರ್ 11ರಂದು ಪಾದಚಾರಿ ದಿನ ಆಚರಿಸತೊಡಗಿದಾಗಲೂ ಬೀದಿ ಜನರಿಂದ ತುಂಬಿತ್ತು. ಆದರೆ ವಾರಾಂತ್ಯದ, ಒಂದು ದಿನದ ಜಾತ್ರೆಯನ್ನು ತೋರಿಸಿ ವರ್ಷವಿಡೀ ಅಂಗಡಿ ನಡೆಸುವವರನ್ನು ಒಪ್ಪಿಸಲಾಗದು, ಅವರ ಅನುಮಾನ ನ್ಯಾಯವಾದದ್ದೇ. ಸಾಮಾನು ಇಳಿಸಲು ಬೆಳಿಗ್ಗೆ ಹತ್ತರವರೆಗೆ ಅವಕಾಶ, ಅಂಚಿನಲ್ಲಿ ಪಾರ್ಕಿಂಗ್, ಗಂಟು ಹೊರಲು ಹಮಾಲರ ಕೈಗಾಡಿಗೆ ಎಲ್ಲ ಹೊತ್ತೂ ಪ್ರವೇಶ, ಇಷ್ಟು ಇಲ್ಲದೆ ಅವರ ಜೊತೆ ಮಾತೇ ಬೇಡ. ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಸೈಕಲ್ಲಿಗೆ ಜಾಗ ಮಾಡುವುದಂತೂ ಸಲ್ಲದು. 2014ರ ಕಾಯ್ದೆ ಅವರಿಗೆ ಹಕ್ಕು ಕೊಟ್ಟಿದೆ, ಅಲ್ಲದೆ ಅವರು ಕುಳಿತ ಕಡೆ ಯಾರೂ ಜೋರಾಗಿ ಓಡಿಸುವುದಿಲ್ಲ.

ಕಾನೂನಿನ ದಾರಿ ಕಷ್ಟದ್ದಲ್ಲ. ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನ ಪ್ರಕಾರ ಸಾರ್ವಜನಿಕ ಸುರಕ್ಷತೆ, ಅನುಕೂಲಕ್ಕಾಗಿ ಒಂದು ರಸ್ತೆಯಲ್ಲಿ ಮೋಟಾರು ವಾಹನಗಳನ್ನು ನಿರ್ಬಂಧಿಸಬಹುದು. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದ ಅಧಿಸೂಚನೆಯೂ ಬೇಕಾಗಿಲ್ಲ, ಸ್ಥಳೀಯವಾಗಿ ಸಾಕಷ್ಟು ಪ್ರಚಾರ ಕೊಟ್ಟರಾಯಿತು. ಸೈಕಲ್ಲಿನ ಹೊತ್ತು, ವೇಗಗಳ ನಿಯಮಕ್ಕೆ 138ನೇ ಕಲಮಿಗೆ 2019ರಲ್ಲಿ ಸೇರಿದ ಉಪಕಲಮು ಇದೆ. ಮೋಟಾರಿಲ್ಲದ ವಾಹನಗಳು, ಪಾದಚಾರಿಗಳ ಕುರಿತು ಅದರಡಿ ನಿಯಮ ರೂಪಿಸಲು 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿತು. ಒಂದು ತಿಂಗಳ ಪ್ರಯೋಗಕ್ಕೆ ಯಾವ ತಿಂಗಳು ಎಂಬುದು ನನ್ನ ದೃಷ್ಟಿಯಲ್ಲಿ ಕಾನೂನಿಗಿಂತ ಮುಖ್ಯ. ದೀಪಾವಳಿಯ ಹತ್ತಿರ ಮಾಡಿದರೆ ಜನ ತುಂಬುವುದು ಹಬ್ಬಕ್ಕೋ ವಾಹನವಿಲ್ಲದ್ದಕ್ಕೋ ತಿಳಿಯುವುದಿಲ್ಲ, ವ್ಯಾಪಾರಿಗಳೂ ಆ ತಿಂಗಳಲ್ಲಿ ಯಾವ ಅಪಾಯಕ್ಕೂ ಒಪ್ಪುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಜವಳಿ ಸಾಲಿನಲ್ಲಿ ವ್ಯಾಪಾರ ಮೊದಲೇ ತಣ್ಣಗಿರುತ್ತದೆ. ಪ್ರಯೋಗ ಶುರುವಾಗಲು ಅದೇ ಸರಿ. ಹಿಂದಿನ ಆಷಾಢದ ವಹಿವಾಟಿನ ಜೊತೆ ಹೋಲಿಸಲು ಅಂಗಡಿಯವರ ಬಳಿ ಪುಸ್ತಕ ಇದ್ದೇ ಇರುತ್ತದೆ. ಆ ತಿಂಗಳು ಪಾಲಿಕೆ ಎಣಿಸಬೇಕಾದದ್ದು ಮೂರೇ: ಪ್ರತಿ ಗಂಟೆಗೆ ನಡೆದವರು, ತುಳಿದ ಮತ್ತು ತಳ್ಳಿದ ಸೈಕಲ್ಲುಗಳು, ನುಸುಳಿದ ಸ್ಕೂಟರುಗಳು. ಹುಬ್ಬಳ್ಳಿಯ ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದವರು ಇಬ್ಬರ ಜಾಗ ತೆಗೆದುಕೊಳ್ಳುತ್ತಾರೆ, ಕೊಡೆಯ ಅಂಚು ಸೈಕಲ್ ಸವಾರನ ಮುಖದ ಮಟ್ಟಕ್ಕೇ ಇರುತ್ತದೆ. ಹಾಗಾಗಿ ಮಳೆಯ ದಿನದ ಎಣಿಕೆಯನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ತುಳಿಯುವ ಹೊತ್ತಿನ ಗಡುವು ಆ ದಿನಗಳಲ್ಲಿ ಒಂದು ತಾಸು ಮುಂಚೆಯೇ ಮುಗಿಯಬೇಕಾಗಬಹುದು.